ಮನುಷ್ಯನ ಬೆಳವಣಿಗೆ: ಗರ್ಭದಿಂದ ಮುಪ್ಪಿನವರೆಗೆ

ಗರ್ಭ ಕಟ್ಟಿದಂದಿನಿಂದ ಸಾಯುವತನಕ ಮನುಷ್ಯನ ದೇಹ, ಬುದ್ಧಿ, ಭಾವ ಮತ್ತು ಸಂಬಂಧಗಳಲ್ಲಿ ಒಂದು ಕ್ರಮ ಹಿಡಿದು ಆಗುವ ಬದಲಾವಣೆಗಳನ್ನು ಒಟ್ಟಾಗಿ ಜೀವಿತಾವಧಿಯ ಬೆಳವಣಿಗೆ ಎನ್ನುತ್ತಾರೆ. ಎತ್ತರ, ತೂಕಗಳಂತೆ ಅಳೆದು ಹೇಳಬಹುದಾದದ್ದು ಇದರ ಒಂದು ಪಾಲು ಮಾತ್ರ. ಮಾತು ಕಲಿಯುವುದು, ಇನ್ನೊಬ್ಬರ ಮನಸ್ಸನ್ನು ಊಹಿಸುವುದು, ಹೊಣೆ ಹೊರುವುದು, ಕಣ್ಣು ಮಂಜಾದಾಗ ಕೆಲಸದ ರೀತಿಯನ್ನು ಬದಲಿಸಿಕೊಳ್ಳುವುದು ಎಲ್ಲವೂ ಇದರೊಳಗೆ ಬರುತ್ತವೆ. ಇಪ್ಪತ್ತು ಇಪ್ಪತ್ತೈದಕ್ಕೆ ಬೆಳವಣಿಗೆ ಮುಗಿಯುತ್ತದೆ, ಆಮೇಲೆ ಉಳಿಯುವುದು ಸವೆತವೊಂದೇ ಎಂಬ ನಂಬಿಕೆ ವಿದ್ವಾಂಸರಲ್ಲೂ ಬಹುಕಾಲ ಇತ್ತು. ಕಳೆದ ಅರ್ಧ ಶತಮಾನದ ಸಂಶೋಧನೆ ಅದನ್ನು ಒಪ್ಪುವುದಿಲ್ಲ. ಪ್ರತಿ ವಯಸ್ಸಿನಲ್ಲೂ ಗಳಿಕೆಯಿದೆ, ಪ್ರತಿ ವಯಸ್ಸಿನಲ್ಲೂ ನಷ್ಟವಿದೆ. ಎಳೆಗೂಸು ಕೂಡ ಕೆಲವು ಸಾಮರ್ಥ್ಯಗಳನ್ನು ಬಿಟ್ಟುಕೊಟ್ಟೇ ಕೆಲವನ್ನು ಪಡೆಯುತ್ತದೆ.

ಅಧ್ಯಯನದ ಹಿನ್ನೆಲೆ

ಬದುಕನ್ನು ಹಂತಗಳಾಗಿ ಕಾಣುವುದು ಹಳೆಯ ರೂಢಿ. ಧರ್ಮಶಾಸ್ತ್ರಗಳು ಬ್ರಹ್ಮಚರ್ಯ, ಗಾರ್ಹಸ್ಥ್ಯ, ವಾನಪ್ರಸ್ಥ, ಸಂನ್ಯಾಸ ಎಂಬ ನಾಲ್ಕು ಆಶ್ರಮಗಳನ್ನು ಹೇಳಿದವು. ಅವು ಮೇಲುವರ್ಣದ ಗಂಡಸಿನ ಬಾಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು; ಹೆಂಗಸಿನ ಬದುಕಾಗಲಿ ದುಡಿಯುವ ಜಾತಿಗಳ ಬದುಕಾಗಲಿ ಅವುಗಳಲ್ಲಿ ಕಾಣಸಿಗುವುದಿಲ್ಲ. ಜನ ನಿಜವಾಗಿ ಬಾಳಿದ ಹಂತಗಳು ಮನೆಯ ಆಚರಣೆಗಳಲ್ಲಿವೆ: ತೊಟ್ಟಿಲ ಶಾಸ್ತ್ರ, ಮಗುವಿಗೆ ಮೊದಲ ಅನ್ನ ಉಣಿಸುವುದು, ಅಕ್ಷರಾಭ್ಯಾಸ, ಹುಡುಗಿ ಮೈನೆರೆದಾಗಿನ ಆರತಿ, ಮದುವೆ, ಸೀಮಂತ, ಅರವತ್ತರ ಷಷ್ಟ್ಯಬ್ದಿ, ಎಂಬತ್ತು ದಾಟಿ ಸಾವಿರ ಹುಣ್ಣಿಮೆ ಕಂಡವರಿಗೆ ಮಾಡುವ ಸಹಸ್ರಚಂದ್ರ ದರ್ಶನ ಶಾಂತಿ.

ಅಳತೆಗಳ ಮೂಲಕ ಬೆಳವಣಿಗೆಯನ್ನು ಹಿಂಬಾಲಿಸುವ ಕೆಲಸ ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ಕಾಣುತ್ತದೆ. ಮೋಂಬೆಯಾರ್ ಎಂಬ ಶ್ರೀಮಂತ 1759ರಲ್ಲಿ ಹುಟ್ಟಿದ ತನ್ನ ಮಗನ ಎತ್ತರವನ್ನು ಹುಡುಗನಿಗೆ ಹದಿನೆಂಟು ತುಂಬುವವರೆಗೆ ಅಳೆದು ಬರೆದಿಟ್ಟ. ನಿಸರ್ಗ ವಿಜ್ಞಾನಿ ಬುಫಾನ್ ಅದನ್ನು ಪ್ರಕಟಿಸಿದ. ಹರೆಯದಲ್ಲಿ ಎತ್ತರ ಒಮ್ಮೆಲೇ ಜಿಗಿಯುವುದು ಆ ಅಂಕಿಗಳಲ್ಲಿ ಇಂದಿಗೂ ಸ್ಪಷ್ಟವಾಗಿ ಕಾಣುತ್ತದೆ. ಚಾರ್ಲ್ಸ್ ಡಾರ್ವಿನ್ ತನ್ನ ಹಿರಿಯ ಮಗ ಶಿಶುವಾಗಿದ್ದಾಗ ಮಾಡಿಕೊಂಡ ಟಿಪ್ಪಣಿಗಳನ್ನು 1877ರಲ್ಲಿ ಅಚ್ಚಿಗೆ ಕೊಟ್ಟ. ಅಮೆರಿಕದ ಸ್ಟ್ಯಾನ್ಲಿ ಹಾಲ್ 1904ರಲ್ಲಿ ಹರೆಯದ ಬಗ್ಗೆ ದೊಡ್ಡ ಗ್ರಂಥ ಬರೆದ. 1922ರಲ್ಲಿ, ತಾನೇ ಮುದುಕನಾದ ಮೇಲೆ, ಮುಪ್ಪಿನ ಬಗ್ಗೆ ಬರೆದ. ಮಕ್ಕಳ ಅಧ್ಯಯನ ಮತ್ತು ವೃದ್ಧರ ಅಧ್ಯಯನ ಆಮೇಲೂ ಬೇರೆ ಬೇರೆಯಾಗಿಯೇ ನಡೆದವು. ಎರಡನ್ನೂ ಒಂದೇ ಚೌಕಟ್ಟಿಗೆ ತಂದವರಲ್ಲಿ ಜರ್ಮನಿಯ ಪೌಲ್ ಬಾಲ್ಟೆಸ್ (1939–2006) ಮುಖ್ಯ. ಬೆಳವಣಿಗೆ ಕೊನೆಯವರೆಗೂ ನಡೆಯುತ್ತದೆ, ಅದು ಒಂದೇ ದಿಕ್ಕಿಗೆ ಹೋಗುವುದಿಲ್ಲ, ತರಬೇತಿಯಿಂದ ಅದನ್ನು ತಕ್ಕಮಟ್ಟಿಗೆ ತಿದ್ದಬಹುದು, ಹುಟ್ಟಿದ ಕಾಲ ಮತ್ತು ಊರು ಅದನ್ನು ರೂಪಿಸುತ್ತವೆ ಎಂಬುದು ಅವರ ವಾದದ ಸಾರ.

ಮೂರು ವರ್ಷದ ಬುದ್ಧಿ ನೂರು ವರ್ಷದ ತನಕ ಎಂದು ಕನ್ನಡದ ಗಾದೆ. ಇದನ್ನು ನೇರವಾಗಿ ಪರೀಕ್ಷಿಸಿದಂಥ ಅಧ್ಯಯನವೊಂದು ನ್ಯೂಜಿಲೆಂಡಿನ ಡನೀಡಿನ್ ನಗರದಲ್ಲಿದೆ. ಅಲ್ಲಿ 1972–73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಇಂದಿಗೂ ಹಿಂಬಾಲಿಸುತ್ತಿದ್ದಾರೆ. ಮೂರನೆಯ ವಯಸ್ಸಿನಲ್ಲಿ ಅಪರಿಚಿತರೆದುರು ಅವರ ನಡವಳಿಕೆಯನ್ನು ಗುರುತು ಹಾಕಿಕೊಂಡಿದ್ದರು. 26ರ ವಯಸ್ಸಿನಲ್ಲಿ ಅದೇ ಜನರ ಸ್ವಭಾವ ನೋಡಿದಾಗ, ಅಂದು ತಡೆಯಿಲ್ಲದೆ ರೇಗುತ್ತಿದ್ದವರಲ್ಲಿ ಸಿಡುಕು, ಅಂದು ಹೆದರಿ ಮುದುಡುತ್ತಿದ್ದವರಲ್ಲಿ ಸಂಕೋಚ ಇತರರಿಗಿಂತ ಹೆಚ್ಚಿತ್ತು. ಗಾದೆಯಲ್ಲಿ ಸತ್ಯವಿದೆ. ಆದರೆ ಇವೆಲ್ಲ ಗುಂಪಿನ ಸರಾಸರಿಗಳು, ನಂಟಿನ ಬಲವೂ ಸಾಧಾರಣ. ಮೂರು ವರ್ಷದ ಒಂದು ಮಗುವನ್ನು ನೋಡಿ ಅದರ ಮುಂದಿನ ಬಾಳನ್ನು ಹೇಳಲು ಅವು ಸಾಲುವುದಿಲ್ಲ. ಇಡೀ ವಿಷಯದ ಜೀವಾಳ ಇಲ್ಲಿದೆ: ಮೊದಲ ವರ್ಷಗಳ ಗುರುತು ಅಳಿಯುವುದಿಲ್ಲ, ಅಷ್ಟಕ್ಕೇ ಮುಂದಿನ ದಾರಿ ಮುಚ್ಚುವುದೂ ಇಲ್ಲ.

ಗರ್ಭ ಮತ್ತು ಹುಟ್ಟು

ಕೊನೆಯ ಮುಟ್ಟಿನಿಂದ ಎಣಿಸಿದರೆ ಬಸಿರಿನ ಅವಧಿ ಸುಮಾರು 40 ವಾರ. ಗರ್ಭ ಕಟ್ಟಿದ ಮೊದಲ ಎಂಟು ವಾರಗಳಲ್ಲೇ ಮುಖ್ಯ ಅಂಗಗಳ ಮೂಲರೂಪ ಮೂಡುತ್ತದೆ. ಮಿದುಳು ಮತ್ತು ಬೆನ್ನುಹುರಿಯಾಗಿ ಬೆಳೆಯುವ ನರನಾಳ ಸುಮಾರು 28ನೆಯ ದಿನದ ಹೊತ್ತಿಗೆ ಮುಚ್ಚಿಕೊಳ್ಳಬೇಕು. ಎಷ್ಟೋ ಹೆಂಗಸರಿಗೆ ಆಗಿನ್ನೂ ತಾವು ಬಸುರಿ ಎಂದೇ ತಿಳಿದಿರುವುದಿಲ್ಲ. ಫೋಲಿಕ್ ಆಮ್ಲದ ಮಾತ್ರೆಯನ್ನು ಗರ್ಭ ಧರಿಸುವ ಮೊದಲೇ ಶುರುಮಾಡಿ ಎಂದು ವೈದ್ಯರು ಒತ್ತಿ ಹೇಳುವುದಕ್ಕೆ ಕಾರಣ ಇದೇ.

ಗರ್ಭದಲ್ಲಿನ ಪೋಷಣೆ ನಡುವಯಸ್ಸಿನ ರೋಗಗಳವರೆಗೂ ಚಾಚುತ್ತದೆ ಎಂಬ ತಿಳಿವಿಗೆ ಮೈಸೂರಿನ ಕೊಡುಗೆ ದೊಡ್ಡದು. ಊರಿನವರು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಪ್ರತಿ ಶಿಶುವಿನ ತೂಕ, ಉದ್ದ ಮತ್ತು ತಲೆಯ ಸುತ್ತಳತೆಯನ್ನು ದಾಖಲಿಸಿ ಕಾಪಾಡಿದ್ದರು. ಅರ್ಧ ಶತಮಾನ ಕಳೆದ ಮೇಲೆ ಇಂಗ್ಲೆಂಡಿನ ಸೌತಾಂಪ್ಟನ್‌ನ ಡೇವಿಡ್ ಬಾರ್ಕರ್, ಕ್ಯಾರೊಲಿನ್ ಫಾಲ್ ಮೊದಲಾದವರು ಆಸ್ಪತ್ರೆಯ ವೈದ್ಯರೊಂದಿಗೆ ಸೇರಿ, ಅಲ್ಲಿ ಹುಟ್ಟಿ ಆಸುಪಾಸಿನಲ್ಲೇ ಬಾಳುತ್ತಿದ್ದವರನ್ನು ಹುಡುಕಿದರು. 517 ಗಂಡಸರು ಮತ್ತು ಹೆಂಗಸರನ್ನು ಪರೀಕ್ಷಿಸಿದ ಫಲಿತಾಂಶ 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದ್ದವರಲ್ಲಿ ಶೇ. 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು, 3.1 ಕಿಲೋಗಿಂತ ಹೆಚ್ಚಿದ್ದವರಲ್ಲಿ ಶೇ. 3 ಮಂದಿಗೆ ಮಾತ್ರ. ಬಾರ್ಕರ್ ಇದಕ್ಕೆ ಮೊದಲು ಇಂಗ್ಲೆಂಡಿನ ದಾಖಲೆಗಳಿಂದ ಇಂಥದೇ ನಂಟನ್ನು ತೋರಿಸಿದ್ದರು. ಬೇರೆ ಊಟ, ಬೇರೆ ಹವೆ, ಬೇರೆ ಬಡತನದ ಊರಿನಲ್ಲೂ ಅದು ಕಂಡಿದ್ದರಿಂದ ವಾದಕ್ಕೆ ಬಲ ಬಂತು. ಹೆರಿಗೆ ಕೋಣೆಯಲ್ಲಿ ದಿನವೂ ತಕ್ಕಡಿಯ ಅಂಕಿಯನ್ನು ನಿಷ್ಠೆಯಿಂದ ಬರೆದಿಟ್ಟ ದಾದಿಯರಿಗೆ ವಿಜ್ಞಾನ ಋಣಿ.

ಗರ್ಭದಲ್ಲಿ ಆಹಾರ ಸಾಲದಾದಾಗ ಶಿಶುವಿನ ದೇಹ ಮಿದುಳಿಗೆ ಮೊದಲು ಪಾಲು ಕೊಟ್ಟು ಸ್ನಾಯು, ಮೂತ್ರಪಿಂಡ, ಮೇದೋಜೀರಕ ಗ್ರಂಥಿಗಳಲ್ಲಿ ಉಳಿತಾಯ ಮಾಡುತ್ತದೆ ಎಂಬುದು ಈ ನಂಟಿಗೆ ಕೊಡುವ ವಿವರಣೆ. ಬರಗಾಲದ ಲೆಕ್ಕದಲ್ಲಿ ಕಟ್ಟಿಕೊಂಡ ಆ ದೇಹಕ್ಕೆ ಮುಂದೆ ಸಮೃದ್ಧಿಯ ಊಟ ಸಿಕ್ಕಿದಾಗ ಅದು ತಾಳಲಾರದೆ ಹೋಗುತ್ತದೆ. ಪುಣೆಯ ಚಿತ್ತರಂಜನ್ ಯಾಜ್ಞಿಕ್ ಅವರ ಅಧ್ಯಯನದಲ್ಲಿ ಅಲ್ಲಿನ ಹಳ್ಳಿಗಳ ಶಿಶುಗಳ ಸರಾಸರಿ ತೂಕ 2.7 ಕಿಲೋ, ಸೌತಾಂಪ್ಟನ್ ಶಿಶುಗಳದು 3.5 ಕಿಲೋ. ಪುಣೆಯ ಶಿಶುಗಳಲ್ಲಿ ಸ್ನಾಯು ತೀರ ಕಡಿಮೆ, ಚರ್ಮದಡಿಯ ಕೊಬ್ಬು ಮಾತ್ರ ಬಹುಮಟ್ಟಿಗೆ ಉಳಿದುಕೊಂಡಿತ್ತು. ನೋಡಲು ತೆಳ್ಳಗಿರುವ ಭಾರತೀಯರಲ್ಲೂ ಸಕ್ಕರೆ ಕಾಯಿಲೆ ಬೇಗ ಕಾಣಿಸಿಕೊಳ್ಳುವುದಕ್ಕೆ ಇದೊಂದು ಸುಳಿವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದರೊಳಗಿನ ಭಾರತೀಯ ಮಕ್ಕಳಲ್ಲಿ ಶೇ. 35.5, ಕರ್ನಾಟಕದ ಮಕ್ಕಳಲ್ಲಿ ಶೇ. 35.4 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಬಸುರಿಗೆ ಕೊಡುವ ಹೊಟ್ಟೆತುಂಬ ಊಟವನ್ನು ಮುಂದಿನ ಎಪ್ಪತ್ತು ವರ್ಷಗಳ ಆರೋಗ್ಯ ಕಾರ್ಯಕ್ರಮವೆಂದೇ ಕಾಣಬೇಕಾಗಿದೆ.

ಶೈಶವ

ನವಜಾತ ಶಿಶು ಏನೂ ತಿಳಿಯದೆ ಬರುವುದಿಲ್ಲ. ಕೆನ್ನೆ ತಾಗಿದ ಕಡೆಗೆ ಬಾಯಿ ತಿರುಗಿಸುತ್ತದೆ, ಅಂಗೈಗೆ ಬೆರಳಿಟ್ಟರೆ ಬಿಗಿಹಿಡಿಯುತ್ತದೆ, ಗರ್ಭದಲ್ಲೇ ಕೇಳಿದ ತಾಯಿಯ ದನಿಯನ್ನು ಬೇರೆ ಹೆಂಗಸರ ದನಿಯಿಂದ ಬೇರ್ಪಡಿಸುತ್ತದೆ. ನಡಿಗೆಯ ವಿಷಯದಲ್ಲಿ ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸಿ ಕಂಗಾಲಾಗುವ ತಂದೆತಾಯಿಗೆ ವಿಶ್ವ ಆರೋಗ್ಯ ಸಂಸ್ಥೆಯ ಅಂಕಿಯೊಂದು ಸಮಾಧಾನ ಕೊಡಬಹುದು: ಭಾರತವೂ ಸೇರಿ ಐದು ದೇಶಗಳ ಆರೋಗ್ಯವಂತ ಮಕ್ಕಳಲ್ಲಿ ಆಸರೆಯಿಲ್ಲದೆ ನಡೆಯುವ ವಯಸ್ಸು 8.2 ತಿಂಗಳಿಂದ 17.6 ತಿಂಗಳವರೆಗೆ ಹರಡಿತ್ತು.

ಕಳೆದುಕೊಂಡು ಗಳಿಸುವುದಕ್ಕೆ ಮಾತಿನಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ. ಕೆನಡಾದ ಜಾನೆಟ್ ವರ್ಕರ್ 1980ರ ದಶಕದಲ್ಲಿ ಇಂಗ್ಲಿಷ್ ಮನೆಗಳ ಶಿಶುಗಳಿಗೆ ಹಿಂದಿಯ ತಕಾರ, ಟಕಾರಗಳನ್ನು ಕೇಳಿಸಿದರು. ಆರರಿಂದ ಎಂಟು ತಿಂಗಳ ಶಿಶುಗಳು ಎರಡನ್ನೂ ಸಲೀಸಾಗಿ ಬೇರ್ಪಡಿಸಿದವು. ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಆ ಸಾಮರ್ಥ್ಯ ಹೆಚ್ಚುಕಡಿಮೆ ಮಾಯವಾಗಿತ್ತು. ಹಿಂದಿ ಕೇಳಿ ಬೆಳೆದ ಶಿಶುಗಳಲ್ಲಿ ಅದು ಉಳಿಯಿತು. ತನ್ನ ಸುತ್ತ ಬೇಕಿಲ್ಲದ ಭೇದಗಳನ್ನು ಬಿಟ್ಟುಕೊಡುತ್ತ ಮಗು ಮನೆಮಾತಿನಲ್ಲಿ ಪಳಗುತ್ತದೆ. ಮಿದುಳಿನೊಳಗೂ ಇದೇ ನಡೆ: ಮೊದಲ ವರ್ಷಗಳಲ್ಲಿ ನರಕೋಶಗಳ ನಡುವೆ ಬೇಕಾದುದಕ್ಕಿಂತ ಹೆಚ್ಚು ಕೂಡುಗಳು ಹುಟ್ಟಿ, ಬಳಕೆಯಾಗದವು ಆಮೇಲೆ ಅಳಿಯುತ್ತವೆ.

ಮಗುವಿಗೆ ತನ್ನವರೆಂಬ ಕೆಲವರ ಆಸರೆ ಅನ್ನದಷ್ಟೇ ಬೇಕು ಎಂದು ಬ್ರಿಟನ್ನಿನ ಜಾನ್ ಬೌಲ್ಬಿ ವಾದಿಸಿದರು. ಮೇರಿ ಐನ್ಸ್‌ವರ್ತ್ 1954–55ರಲ್ಲಿ ಉಗಾಂಡಾದ ಹಳ್ಳಿಗಳಲ್ಲಿ, ಆಮೇಲೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ತಾಯಿ–ಮಕ್ಕಳನ್ನು ಗಮನಿಸಿ ಈ ವಾದಕ್ಕೆ ಆಧಾರ ಒದಗಿಸಿದರು. ಇವರು ತಾಯಿಗೆ ಕೊಟ್ಟ ಮಹತ್ವ ಹೆಚ್ಚಾಯಿತು ಎನ್ನಬೇಕು. ಅಜ್ಜಿ, ಅತ್ತೆ, ಅಕ್ಕಂದಿರ ಕಂಕುಳಲ್ಲಿ ಬೆಳೆಯುವ ಮಕ್ಕಳಿಗೆ ಆಸರೆ ಹಲವರಿಂದ ಸಿಗುತ್ತದೆ. ಯಾರೂ ಇಲ್ಲದಾಗ ಏನಾಗುತ್ತದೆ ಎಂಬುದು ರೊಮೇನಿಯಾದ ಅನಾಥಾಲಯಗಳಿಂದ ತಿಳಿಯಿತು. 2000ದಲ್ಲಿ ಬುಖಾರೆಸ್ಟ್‌ನಲ್ಲಿ ಆರಂಭವಾದ ಅಧ್ಯಯನದಲ್ಲಿ 136 ಮಕ್ಕಳ ಪೈಕಿ ಅರ್ಧದಷ್ಟು ಮಕ್ಕಳನ್ನು ಸಾಕುಮನೆಗಳಿಗೆ ಕಳಿಸಿದರು. ಅವರ ಬುದ್ಧಿ ಮತ್ತು ಭಾವಜೀವನ ಎರಡೂ ಚೇತರಿಸಿಕೊಂಡವು, ಅದರಲ್ಲೂ ಎರಡು ತುಂಬುವ ಮೊದಲೇ ಮನೆ ಸೇರಿದವರಲ್ಲಿ ಹೆಚ್ಚು.

ಬಾಲ್ಯ

ಬೇರೆ ಪ್ರಾಣಿಗಳಿಗೆ ಹೋಲಿಸಿದರೆ ಮನುಷ್ಯನ ಬಾಲ್ಯ ಬಹಳ ಉದ್ದ. ಐದು ವರ್ಷದ ಆಸುಪಾಸಿನಲ್ಲಿ ಮೈ ಸುಮ್ಮನಿರುವಾಗ ವ್ಯಯವಾಗುವ ಶಕ್ತಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲನ್ನು ಮಿದುಳೊಂದೇ ಬಳಸುತ್ತದೆ. ದೇಹದ ಬೆಳವಣಿಗೆ ನಿಧಾನವಾಗುವುದೂ ಆಗಲೇ.

ಈ ವಯಸ್ಸಿನ ಚಿಂತನೆಯನ್ನು ವಿವರಿಸಿದ ಇಬ್ಬರು ದೊಡ್ಡವರು ಹುಟ್ಟಿದ್ದು ಒಂದೇ ವರ್ಷ, 1896ರಲ್ಲಿ. ಸ್ವಿಟ್ಜರ್‌ಲೆಂಡಿನ ಜೀನ್ ಪಿಯಾಜೆ ಮಗುವನ್ನು ಸ್ವಂತವಾಗಿ ಲೋಕವನ್ನು ಪರೀಕ್ಷಿಸುವ ಪುಟ್ಟ ವಿಜ್ಞಾನಿಯಂತೆ ಕಂಡು ಚಿಂತನೆಯ ನಾಲ್ಕು ಹಂತಗಳನ್ನು ಗುರುತಿಸಿದ. ಕಣ್ಮರೆಯಾದ ವಸ್ತು ಇದ್ದೇ ಇರುತ್ತದೆ ಎಂಬ ಅರಿವು, ಎತ್ತರದ ಲೋಟಕ್ಕೆ ಸುರಿದರೂ ನೀರು ಅಷ್ಟೇ ಎಂಬ ತಿಳಿವಳಿಕೆ ಯಾವಾಗ ಬರುತ್ತವೆ ಎಂದು ತೋರಿಸಿದ. ಮಕ್ಕಳ ಸಾಮರ್ಥ್ಯವನ್ನು ಆತ ಕಡಿಮೆ ಅಂದಾಜು ಮಾಡಿದನೆಂದು ಆಮೇಲಿನ ಪ್ರಯೋಗಗಳು ತಿದ್ದಿವೆ. 1934ರಲ್ಲಿ, ಮೂವತ್ತೇಳರ ವಯಸ್ಸಿನಲ್ಲಿ ತೀರಿಕೊಂಡ ರಷ್ಯದ ಲೆವ್ ವೈಗೋಟ್ಸ್ಕಿ, ಬುದ್ಧಿ ಬೆಳೆಯುವುದು ಬಲ್ಲವರ ಜೊತೆಗಿನ ಮಾತು ಮತ್ತು ಕೆಲಸದಲ್ಲಿ ಎಂದ. ನೇಯ್ಗೆಯವರ, ಅಕ್ಕಸಾಲಿಗರ, ಬೇಸಾಯಗಾರರ ಮನೆಗಳಲ್ಲಿ ಮಕ್ಕಳು ಕಲಿತ ಬಗೆಗೆ ವೈಗೋಟ್ಸ್ಕಿಯ ವಿವರಣೆಯೇ ಹೆಚ್ಚು ಹೊಂದುತ್ತದೆ. ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಇದನ್ನು ಇನ್ನಷ್ಟು ಸ್ಪಷ್ಟಮಾಡಿತು. ವ್ಯಾಪಾರದಲ್ಲಿ ತೊಡಕಿನ ಲೆಕ್ಕವನ್ನು ಬಾಯಲ್ಲೇ ಮುಗಿಸುವ ಮಕ್ಕಳು ಶಾಲೆಯ ರೀತಿಯಲ್ಲಿ ಬರೆದುಕೊಟ್ಟ ಸರಳ ಲೆಕ್ಕದಲ್ಲಿ ತಡವರಿಸಿದರು. ಶಾಲೆಯ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ಎಡವಿದರು.

ಹರೆಯ

ಹುಡುಗಿಯರಲ್ಲಿ ಎತ್ತರದ ಜಿಗಿತ ಸುಮಾರು 12ರಲ್ಲಿ, ಹುಡುಗರಲ್ಲಿ ಸುಮಾರು 14ರಲ್ಲಿ ತುದಿ ಮುಟ್ಟುತ್ತದೆ. ಏಳನೆಯ ತರಗತಿಯ ಸಾಲಿನಲ್ಲಿ ಹುಡುಗಿಯರು ಎತ್ತರವಾಗಿ ಕಾಣುವುದು ಇದರಿಂದಲೇ. ಪೋಷಣೆ ಸುಧಾರಿಸಿದಂತೆ ಮೈನೆರೆಯುವ ವಯಸ್ಸು ಹಿಂದಕ್ಕೆ ಸರಿದಿದೆ. ಓದು, ಉದ್ಯೋಗ, ಮದುವೆಗಳ ವಯಸ್ಸು ಮುಂದಕ್ಕೆ ಹೋಗಿದೆ. ನಡುವಿನ ಅವಧಿ ಹೀಗೆ ಎರಡೂ ಕಡೆಯಿಂದ ಹಿಗ್ಗಿತು.

ಮಿದುಳಿನ ಚಿತ್ರಗಳ ಅಧ್ಯಯನಗಳು 1990ರ ದಶಕದ ಕೊನೆಯಿಂದ ಒಂದು ಅಸಮತೋಲವನ್ನು ತೋರಿಸುತ್ತ ಬಂದಿವೆ. ಸುಖ, ಉತ್ಸಾಹಗಳಿಗೆ ಸ್ಪಂದಿಸುವ ಭಾಗಗಳು ಹರೆಯದ ಮೊದಲಲ್ಲೇ ಚುರುಕಾಗುತ್ತವೆ. ತಡೆದು ಯೋಚಿಸುವ ಮುಂಭಾಗ ಇಪ್ಪತ್ತೈದರ ಹತ್ತಿರದವರೆಗೂ ಮಾಗುತ್ತಿರುತ್ತದೆ. ಒಬ್ಬರೇ ಇದ್ದಾಗ ಎಚ್ಚರದಿಂದಿರುವ ಹದಿಹರೆಯದವರು ಗೆಳೆಯರು ನೋಡುತ್ತಿದ್ದರೆ ಹೆಚ್ಚು ಅಪಾಯಕ್ಕೆ ಒಡ್ಡಿಕೊಳ್ಳುತ್ತಾರೆ. ಇದನ್ನು ಬರಿಯ ದೋಷವೆಂದು ಕಾಣುವುದು ತಪ್ಪು. ಮನೆ ಬಿಟ್ಟು ಹೊರಗೆ ಕಾಲಿಡಲು, ಹೊಸ ಕಸುಬು ಮತ್ತು ಹೊಸ ಜನರನ್ನು ಹುಡುಕಿಕೊಳ್ಳಲು ಬೇಕಾದ ಧೈರ್ಯವೂ ಅಲ್ಲಿಂದಲೇ ಬರುತ್ತದೆ.

ನಾನು ಯಾರು ಎಂಬ ಪ್ರಶ್ನೆಯನ್ನು ಹರೆಯದ ಕೇಂದ್ರದಲ್ಲಿಟ್ಟವರು ಎರಿಕ್ ಎರಿಕ್ಸನ್. 1950ರ ಪುಸ್ತಕದಲ್ಲಿ ಅವರು ಬದುಕನ್ನು ಎಂಟು ಘಟ್ಟಗಳಾಗಿ ಕಂಡರು. ಹರೆಯದ ನಂತರವೂ ಮೂರು ಘಟ್ಟಗಳಿವೆ ಎಂದದ್ದೇ ಅಂದು ಹೊಸ ಮಾತು. ಗಾಂಧೀಜಿ 1918ರ ಅಹಮದಾಬಾದ್ ಗಿರಣಿ ಮುಷ್ಕರದಲ್ಲಿ, ನಡುವಯಸ್ಸಿನಲ್ಲಿ, ತಮ್ಮ ದಾರಿಯನ್ನು ಕಂಡುಕೊಂಡ ಬಗೆಯನ್ನು ಕುರಿತು ಎರಿಕ್ಸನ್ 1969ರಲ್ಲಿ ಬರೆದ ಗ್ರಂಥಕ್ಕೆ ಪುಲಿಟ್ಜರ್ ಬಹುಮಾನ ಬಂತು. ಅಹಮದಾಬಾದಿನಲ್ಲಿ ಎರಿಕ್ಸನ್ ಅವರನ್ನು ಕಂಡ ಸುಧೀರ್ ಕಕ್ಕರ್ ಮುಂದೆ ಭಾರತೀಯ ಬಾಲ್ಯದ ಮನೋವಿಶ್ಲೇಷಣೆಗೆ ತೊಡಗಿ, ಎರಿಕ್ಸನ್ ಘಟ್ಟಗಳನ್ನು ಆಶ್ರಮಗಳ ಪಕ್ಕದಲ್ಲಿಟ್ಟು ನೋಡಿದರು.

ಪ್ರಾಯ ಮತ್ತು ನಡುವಯಸ್ಸು

ಮೂಳೆ ಮೂವತ್ತರ ಆಸುಪಾಸಿನಲ್ಲಿ ಅತ್ಯಂತ ಗಟ್ಟಿಯಾಗಿರುತ್ತದೆ. ನಲವತ್ತು ದಾಟಿದಂತೆ ಚಾಳೀಸು ಬರುತ್ತದೆ. ಭಾರತದ ಹೆಂಗಸರಲ್ಲಿ ಮುಟ್ಟು ನಿಲ್ಲುವುದು ಸರಾಸರಿ 46–47ರ ಹೊತ್ತಿಗೆ, ಪಶ್ಚಿಮದ ದೇಶಗಳಿಗಿಂತ ಕೆಲವು ವರ್ಷ ಮೊದಲು. ಹೆರುವ ಶಕ್ತಿ ನಿಂತ ಮೇಲೂ ಹೆಣ್ಣು ದಶಕಗಳ ಕಾಲ ಬದುಕುವುದು ಪ್ರಾಣಿಲೋಕದಲ್ಲಿ ಅಪರೂಪ. ತಾಂಜಾನಿಯಾದ ಹಾಡ್ಜಾ ಜನರಲ್ಲಿ ಅಜ್ಜಿಯರು ಅಗೆದು ತರುವ ಗಡ್ಡೆಗೆಣಸು ಮೊಮ್ಮಕ್ಕಳನ್ನು ಉಳಿಸುತ್ತದೆ ಎಂದು ಕಂಡ ಕ್ರಿಸ್ಟನ್ ಹಾಕ್ಸ್, ಅಜ್ಜಿಯ ದುಡಿಮೆಯೇ ಮನುಷ್ಯರ ದೀರ್ಘಾಯುಷ್ಯಕ್ಕೆ ಕಾರಣವಾಗಿರಬಹುದು ಎಂದರು. ತವರಿನ ಬಾಣಂತನವನ್ನು ಬಲ್ಲ ಸಮಾಜಕ್ಕೆ ಈ ವಾದ ಅಪರಿಚಿತವೆನಿಸದು.

ಸ್ವಭಾವ ಕೂಡ ಈ ದಶಕಗಳಲ್ಲಿ ಬದಲಾಗುತ್ತದೆ. 92 ಅಧ್ಯಯನ ಗುಂಪುಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಜನ ಸರಾಸರಿಯಲ್ಲಿ ವಯಸ್ಸಾದಂತೆ ಹೆಚ್ಚು ಹೊಣೆಗಾರರೂ ಶಾಂತರೂ ಆಗುತ್ತಾರೆ. ಬಹುಪಾಲು ಬದಲಾವಣೆ ಕಾಣುವುದು ಇಪ್ಪತ್ತರಿಂದ ನಲವತ್ತರ ನಡುವೆ.

ಬುದ್ಧಿಯ ಇಳಿಜಾರನ್ನು ಕುರಿತ ಹಳೆಯ ನಂಬಿಕೆಯನ್ನು ಅಲುಗಿಸಿದ್ದು ವಾರ್ನರ್ ಶೈ 1956ರಲ್ಲಿ ಸಿಯಾಟಲ್‌ನಲ್ಲಿ ಆರಂಭಿಸಿದ ಅಧ್ಯಯನ. ಒಂದೇ ದಿನ ಮೂವತ್ತರವರನ್ನೂ ಎಪ್ಪತ್ತರವರನ್ನೂ ಕೂರಿಸಿ ಪರೀಕ್ಷಿಸಿದರೆ ಮೂವತ್ತರಿಂದಲೇ ಕುಸಿತ ಕಾಣುತ್ತದೆ. ಅದೇ ಜನರನ್ನು ಏಳೇಳು ವರ್ಷಕ್ಕೊಮ್ಮೆ ಪರೀಕ್ಷಿಸುತ್ತ ಹೋದರೆ ಹೆಚ್ಚಿನ ಸಾಮರ್ಥ್ಯಗಳು ಅರವತ್ತರವರೆಗೂ ನಿಲ್ಲುತ್ತವೆ. ಮೊದಲ ವಿಧಾನದಲ್ಲಿ ವಯಸ್ಸಿನ ಪರಿಣಾಮದ ಜೊತೆಗೆ ಹುಟ್ಟಿದ ಕಾಲದ ಪರಿಣಾಮವೂ ಬೆರೆತಿತ್ತು. ಭಾರತದಲ್ಲಿ ಈ ಎಚ್ಚರ ಇನ್ನೂ ಅಗತ್ಯ. 1951ರ ಜನಗಣತಿಯಲ್ಲಿ ಹೆಂಗಸರ ಸಾಕ್ಷರತೆ ನೂರಕ್ಕೆ 9ನ್ನೂ ಮುಟ್ಟಿರಲಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯನ್ನೂ ಪದವಿ ಓದುವ ಮೊಮ್ಮಗಳನ್ನೂ ಒಂದೇ ಪ್ರಶ್ನೆಪತ್ರಿಕೆಯಿಂದ ಅಳೆದು ಅಂತರವನ್ನೆಲ್ಲ ಮುಪ್ಪಿನ ತಲೆಗೆ ಕಟ್ಟುವುದು ಅನ್ಯಾಯ.

ಹೊಸ ಸಮಸ್ಯೆಯನ್ನು ಚಕಚಕನೆ ಬಿಡಿಸುವ ವೇಗ ಇಪ್ಪತ್ತರ ಹರೆಯದಿಂದಲೇ ತಗ್ಗತೊಡಗುತ್ತದೆ; ಪದಸಂಪತ್ತು, ಕಸುಬಿನ ಅನುಭವ, ಜನರನ್ನು ಅರಿಯುವ ಶಕ್ತಿ ಆಮೇಲೂ ಬಹುಕಾಲ ಹೆಚ್ಚುತ್ತವೆ. ಕುವೆಂಪು ಕಾನೂರು ಹೆಗ್ಗಡಿತಿಯನ್ನು ಪ್ರಕಟಿಸಿದ್ದು 1936ರಲ್ಲಿ, ಮೂವತ್ತರ ಆಚೀಚೆ. ಮಲೆಗಳಲ್ಲಿ ಮದುಮಗಳು ಬಂದದ್ದು 1967ರಲ್ಲಿ, ಅರವತ್ತು ದಾಟಿದ ಮೇಲೆ. ಮಾಸ್ತಿಯವರ ಚಿಕವೀರ ರಾಜೇಂದ್ರ ಅವರ ಅರವತ್ತೈದರ ಸುಮಾರಿನ ಕೃತಿ. ಅರವತ್ತಕ್ಕೆ ಅರಳು ಮರಳು ಎಂಬ ಮಾತಿಗೆ ಕನ್ನಡ ಸಾಹಿತ್ಯ ಚರಿತ್ರೆಯೇ ಎದುರು ಸಾಕ್ಷಿ ನುಡಿಯುತ್ತದೆ.

ಮುಪ್ಪು

ಸ್ವಾತಂತ್ರ್ಯ ಬಂದಾಗ ಭಾರತೀಯರ ಸರಾಸರಿ ಆಯುಷ್ಯ ಸುಮಾರು 32 ವರ್ಷ. ಇಂದು ಎಪ್ಪತ್ತರ ಮೇಲೆ. ಶಿಶುಮರಣ ತಗ್ಗಿದ್ದು ಇದರಲ್ಲಿ ದೊಡ್ಡ ಪಾಲು ಪಡೆದಿದೆ. ದೀರ್ಘವಾದ ಮುಪ್ಪು ಹೀಗೆ ಕೆಲವೇ ಅದೃಷ್ಟವಂತರ ಪಾಲಾಗಿದ್ದದ್ದು ಎಲ್ಲರ ನಿರೀಕ್ಷೆಯಾಯಿತು.

ಮುಪ್ಪಿನ ನಷ್ಟಗಳನ್ನು ಜನ ಹೇಗೆ ಸರಿದೂಗಿಸುತ್ತಾರೆ ಎಂದು ಹೇಳಲು ಬಾಲ್ಟೆಸ್ ಪಿಯಾನೊ ವಾದಕ ಆರ್ಥರ್ ರೂಬಿನ್‌ಸ್ಟೀನ್ ಅವರ ಉದಾಹರಣೆ ಕೊಡುತ್ತಿದ್ದರು. ವಯಸ್ಸಾದ ಮೇಲೆ ಅವರು ಕಡಿಮೆ ಕೃತಿಗಳನ್ನು ಆರಿಸಿಕೊಂಡರು, ಅವನ್ನೇ ಹೆಚ್ಚು ಅಭ್ಯಾಸ ಮಾಡಿದರು, ವೇಗದ ಭಾಗಕ್ಕೆ ಮುಂಚೆ ಬೇಕೆಂದೇ ನಿಧಾನಿಸಿ ಮುಂದಿನದು ವೇಗವಾಗಿ ಕೇಳುವಂತೆ ಮಾಡಿದರು. ಸಂಬಂಧಗಳಲ್ಲೂ ಇಂಥ ಆಯ್ಕೆ ನಡೆಯುತ್ತದೆ. ಉಳಿದ ಕಾಲ ಕಡಿಮೆ ಎಂಬ ಅರಿವು ಬಂದಂತೆ ಜನ ಪರಿಚಯಗಳ ವಿಸ್ತಾರವನ್ನು ಬಿಟ್ಟು ಹತ್ತಿರದವರ ಕಡೆಗೆ ತಿರುಗುತ್ತಾರೆ ಎಂದು ಲಾರಾ ಕಾರ್ಸ್ಟೆನ್‌ಸನ್ ತೋರಿಸಿದ್ದಾರೆ. ಹಾರ್ವರ್ಡ್‌ನಲ್ಲಿ 1938ರಿಂದ ನಡೆದಿರುವ ಅಧ್ಯಯನದಲ್ಲಿ, ಐವತ್ತರಲ್ಲಿ ತಮ್ಮ ಸಂಬಂಧಗಳಿಂದ ತೃಪ್ತರಾಗಿದ್ದವರೇ ಎಂಬತ್ತರಲ್ಲಿ ಹೆಚ್ಚು ಆರೋಗ್ಯವಂತರಾಗಿದ್ದರು.

ಮರೆಗುಳಿತನವನ್ನು ವಯಸ್ಸಿನ ಸಹಜ ಲಕ್ಷಣವೆಂದು ತಳ್ಳಿಹಾಕುವುದರಿಂದ ಎಷ್ಟೋ ಹಿರಿಯರು ಚಿಕಿತ್ಸೆ, ಆರೈಕೆಗಳಿಲ್ಲದೆ ನರಳುತ್ತಾರೆ. ಡಿಮೆನ್ಶಿಯಾ ಕಾಯಿಲೆಯೇ ಹೊರತು ಮುಪ್ಪಿನ ಇನ್ನೊಂದು ಹೆಸರಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜಿನಂತೆ ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇ. 7.4, ಅಂದರೆ ಸುಮಾರು 88 ಲಕ್ಷ ಮಂದಿಗೆ ಅದಿದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಿವುಡು, ಒಂಟಿತನ, ಶಿಕ್ಷಣದ ಕೊರತೆ ಇವೆಲ್ಲ ಅದರ ಅಪಾಯವನ್ನು ಹೆಚ್ಚಿಸುತ್ತವೆ, ಇವುಗಳಲ್ಲಿ ಬಹುಪಾಲು ನಮ್ಮ ಕೈಯಳತೆಯವು. ಹೈದರಾಬಾದಿನಲ್ಲಿ ಡಿಮೆನ್ಶಿಯಾ ಇದ್ದ 648 ಮಂದಿಯನ್ನು ಅಧ್ಯಯನ ಮಾಡಿದ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು, ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡದ್ದನ್ನು 2013ರಲ್ಲಿ ವರದಿ ಮಾಡಿದರು. ಓದು ಬರಹ ಬಾರದವರಲ್ಲೂ ಈ ಅಂತರ ಕಂಡದ್ದರಿಂದ, ಇದು ಶಿಕ್ಷಣದ ಫಲ ಎಂಬ ಆಕ್ಷೇಪಕ್ಕೆ ಉತ್ತರ ಸಿಕ್ಕಿತು. ಇಂಥ ಪ್ರಶ್ನೆಗಳಿಗಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳನ್ನು ಆರಿಸಿಕೊಂಡಿದೆ. ಆಂಧ್ರದ ಗಡಿಗೆ ತಾಗಿದ, ಕನ್ನಡ–ತೆಲುಗು ಎರಡನ್ನೂ ಆಡುವ ಈ ಸೀಮೆಯಲ್ಲಿ 45 ದಾಟಿದ ಹತ್ತು ಸಾವಿರ ಮಂದಿಯನ್ನು ಸೇರಿಸಿಕೊಂಡು ಅವರ ನೆನಪು, ರಕ್ತ, ವಂಶವಾಹಿ ಮತ್ತು ಮಿದುಳಿನ ಚಿತ್ರಗಳನ್ನು ವರ್ಷ ವರ್ಷವೂ ಹಿಂಬಾಲಿಸುವುದು ಅದರ ಗುರಿ. ಇಂಥ ಬಹುತೇಕ ಅಧ್ಯಯನಗಳು ಈವರೆಗೆ ಓದಿದ, ಅನುಕೂಲಸ್ಥ, ಪಶ್ಚಿಮದ ನಗರವಾಸಿಗಳ ಮೇಲೆ ನಡೆದವು; ಬಾಲ್ಯದಲ್ಲಿ ಅರೆಹೊಟ್ಟೆಯುಂಡು, ಶಾಲೆ ಕಾಣದೆ, ಬಿಸಿಲಲ್ಲಿ ದುಡಿದು ಮುಪ್ಪಾದ ರೈತರನ್ನೂ ಕೂಲಿಯವರನ್ನೂ ಕುರಿತು ಅವು ಹೇಳಬಲ್ಲದ್ದು ಬಹಳ ಕಡಿಮೆ.